ಜೆ.ಪಿ. ನಗರದ ಅರ್ಧ ಇಟ್ಟಿಗೆ ಗೋಡೆ

ಹಳೆಯ ಮನೆಗಳನ್ನು ಒಡೆದು ದೊಡ್ಡದು ಮಾಡುವ ಕೆಲಸಕ್ಕೆ ಯಾರೂ ಆಸೆಪಟ್ಟು ಬರುವುದಿಲ್ಲ. ಸಿವಿಲ್ ಓದಿದವರು ಮೆಟ್ರೊ, ಮೇಲ್ಸೇತುವೆ, ಮೂವತ್ತು ಅಂತಸ್ತು ಎಂದು ಹೋಗುತ್ತಾರೆ. ಅಲ್ಲೆಲ್ಲೂ ಗಿಟ್ಟದವರು ನಮ್ಮ ಕಡೆ ಬರುತ್ತಾರೆ. ನಾನೂ ಹಾಗೆ ಬಂದವನೇ. ಡಿಪ್ಲೊಮಾ ಮುಗಿಸಿ ಜಯನಗರದ ಒಬ್ಬ ಕಂಟ್ರಾಕ್ಟರ್ ಹತ್ತಿರ, ಆರು ತಿಂಗಳು ಇದ್ದು ನೋಡೋಣ ಎಂದು ಸೇರಿದೆ. ಮೂವತ್ತನಾಲ್ಕು ವರ್ಷ ಅಲ್ಲೇ ಧೂಳು ಕುಡಿದೆ. ಈಗ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ಸುತ್ತುವುದು ಬಿಟ್ಟರೆ ನನಗೆ ಬೇರೆ ಕೆಲಸವಿಲ್ಲ. ಅಲ್ಲಿ ಪರಿಚಯವಾದ ಒಬ್ಬಳು ಇಂಜಿನಿಯರ್ ಹುಡುಗಿ ಇದೇ ಕೆಲಸಕ್ಕೆ ಸೇರಿದ್ದಾಳೆ. “ಅಂಕಲ್, ಒಂದು ಹತ್ತು ಪಾಯಿಂಟ್ ಬರ್ದುಕೊಡಿ, ಸಾಕು” ಅಂದಳು. ಹತ್ತು ಪಾಯಿಂಟ್ ಬರೆಯಲು ಕೂತರೆ ಒಂದೇ ಗೋಡೆ ನೆನಪಿಗೆ ಬಂತು. ಆ ಗೋಡೆಯ ದೆಸೆಯಿಂದ ಒಬ್ಬ ಒಳ್ಳೆಯ ಮೇಸ್ತ್ರಿಯ ಹೆಸರು ಕೆಟ್ಟಿತು. ಕೆಡಿಸಿದವನು ನಾನು. ಅಲ್ಲಿಗೆ ಬರುವ ಮೊದಲು ಒಂದೆರಡು ವಿಷಯ ಹೇಳಬೇಕು.

ಆ ಕಂಟ್ರಾಕ್ಟರೇ ನಮ್ಮ ಯಜಮಾನರು, ಪುಟ್ಟಸ್ವಾಮಿ. ಕಾಲೇಜಿನ ಮುಖ ನೋಡಿದವರಲ್ಲ, ಮರಗೆಲಸದಿಂದ ಮೇಲೆ ಬಂದವರು. ಯಾವ ಹಳೆಯ ಮನೆಗೆ ಹೋದರೂ ಮೊದಲ ದಿನ ಟೇಪು ಬಿಚ್ಚಲು ಬಿಡುತ್ತಿರಲಿಲ್ಲ. ಕಾಫಿ ಕುಡಿಯುತ್ತಾ ಮನೆಯ ಹಿರಿಯರನ್ನು ಮಾತಿಗೆ ಎಳೆಯುತ್ತಿದ್ದರು. ಜಯನಗರದ ಮನೆಗಳು ಒಂದೇ ಸಲಕ್ಕೆ ಹುಟ್ಟಿದವಲ್ಲ. ಮಗಳ ಮದುವೆಗೆಂದು ಮುಂದಿನ ರೂಮು, ಮೊಮ್ಮಗನ ನಾಮಕರಣಕ್ಕೆಂದು ಹಿಂದಿನ ಬಚ್ಚಲು, ಬಾಡಿಗೆಗೆಂದು ಮೇಲೆ ಎರಡು ಕೋಣೆ, ಹೀಗೆ ಬೆಳೆದವು. ಸೀಲು ಬಿದ್ದ ನಕ್ಷೆಗೂ ಎದುರಿಗೆ ನಿಂತಿರುವ ಮನೆಗೂ ಎಷ್ಟೋ ಸಲ ಪರಿಚಯವೇ ಇರುವುದಿಲ್ಲ. ಯಾವ ಗೋಡೆ ಯಾವಾಗ ಬಂತು ಎಂಬುದು ಮನೆಯ ಅಜ್ಜಿಗೆ ಗೊತ್ತಿರುತ್ತದೆ, ಕಡತಕ್ಕೆ ಗೊತ್ತಿರುವುದಿಲ್ಲ.

ನನ್ನ ಮೊದಲ ಕೆಲಸದಲ್ಲೇ ಮರ್ಯಾದೆ ಹೋಯಿತು. ನಾಲ್ಕನೇ ಬ್ಲಾಕಿನ ಮನೆಯೊಂದರ ಒಳಗನ್ನೆಲ್ಲ ಎರಡು ದಿನ ಅಳೆದು ನಕ್ಷೆ ಬರೆದುಕೊಂಡು ಹೋದೆ. ಯಜಮಾನರು ಕನ್ನಡಕ ಏರಿಸಿ ಕೂಡಿಸಿ ನೋಡಿದರು. “ರಂಗನಾಥ, ನಿನ್ನ ಮನೆ ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಎಲ್ಲಿಂದ ತಂದೆಯಯ್ಯ ಇದನ್ನ?” ಅಂದರು. ಆಫೀಸಿನವರೆಲ್ಲ ನಕ್ಕರು. ಎಲ್ಲ ಗೋಡೆಗಳೂ ಒಂಬತ್ತು ಇಂಚು ಎಂದುಕೊಂಡು ಲೆಕ್ಕ ಹಾಕಿದ್ದೆ. ಮೂರು ಗೋಡೆಗಳು ನಾಲ್ಕೂವರೆ ಇಂಚಿನವು, ಅಂದರೆ ಅರ್ಧ ಇಟ್ಟಿಗೆ ಗೋಡೆಗಳು. ಒಂಬತ್ತು ಇಂಚಿನ ಗೋಡೆ ಮೇಲಿನ ಭಾರ ಹೊರುತ್ತದೆ, ಅರ್ಧ ಇಟ್ಟಿಗೆಯದು ಬರೀ ಪರದೆ, ಕೋಣೆಗಳನ್ನು ಬೇರೆ ಮಾಡಲು ಇರುವುದು ಎಂದು ಪುಸ್ತಕದಲ್ಲಿ ಓದಿದ್ದೆ. ಅವತ್ತಿನಿಂದ ಪ್ರತಿ ಗೋಡೆಯ ದಪ್ಪವನ್ನೂ ಎರಡೆರಡು ಸಲ ಅಳೆದೆ. ಹತ್ತು ವರ್ಷದಲ್ಲಿ, ಗೋಡೆ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಬಂದುಬಿಟ್ಟಿತು.

ಈ ಕೆಲಸದ ದೊಡ್ಡ ಕಷ್ಟ ಇಟ್ಟಿಗೆ, ಸಿಮೆಂಟಿನದಲ್ಲ. ಮನೆಯವರು ಮನೆ ಬಿಡುವುದಿಲ್ಲ. ಹೊಸ ಕಟ್ಟಡದಲ್ಲಿ ನಾವೇ ರಾಜರು. ಇಲ್ಲಿ ಬೇರೆಯವರ ಸಂಸಾರದ ಮಧ್ಯೆ ನಿಂತು ಸುತ್ತಿಗೆ ಹೊಡೆಯಬೇಕು. ಅಡುಗೆಮನೆ ಒಡೆದರೆ ಸ್ಟೌ ವರಾಂಡಕ್ಕೆ ಬರುತ್ತದೆ, ಕಾಫಿ ಫಿಲ್ಟರಿನ ಮೇಲೊಂದು ಒದ್ದೆ ಬಟ್ಟೆ. ಮೂರನೇ ಬ್ಲಾಕಿನ ಒಬ್ಬ ಮನೆಯೊಡತಿ ದಿನಾ ಎಂಟು ಗಂಟೆಗೆ ಬಾಗಿಲಲ್ಲಿ ನಿಂತು, ತರಕಾರಿಯವನನ್ನು ಕೇಳುವ ಹಾಗೆ “ಇವತ್ತು ಯಾವ್ ಗೋಡೆ?” ಎಂದು ಕೇಳುತ್ತಿದ್ದರು. ಗೌರಿ ಹಬ್ಬದ ದಿನ ಕಥೆ ಓದುವ ಹೊತ್ತಿಗೆ ಡ್ರಿಲ್ಲಿಂಗ್ ನಿಲ್ಲಿಸಬೇಕೆಂದು ಅಪ್ಪಣೆಯಾಯಿತು. ನಿಲ್ಲಿಸಿದೆವು. ಆಳುಗಳೂ ಕಥೆ ಕೇಳಿ, ಒಬ್ಬಟ್ಟು ತಿಂದು, ಕೈ ತೊಳೆದು ಮತ್ತೆ ಡ್ರಿಲ್ಲು ಹಿಡಿದರು.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲೆಲ್ಲ ಮೇಲೊಂದು ಮಹಡಿ ಬೇಕೆಂದರೆ ಕೆಳಗಿನ ಗೋಡೆಗಳನ್ನು ನಂಬಿ ಏರಿಸಿಬಿಡುತ್ತಿದ್ದರು. ಆಮೇಲೆ ಹಳೆಯ ಗೋಡೆಗಳನ್ನು ನಂಬದೆ, ಅವುಗಳ ಪಕ್ಕದಲ್ಲೇ ಪಾಯದಿಂದ ಹೊಸ ಪಿಲ್ಲರ್ ಎಬ್ಬಿಸುವುದು ಬಂತು. ಹಳೆಯ ಕಾಂಕ್ರೀಟಿಗೆ ತೂತು ಕೊರೆದು, ಅಂಟು ತುಂಬಿ ಕಂಬಿ ಕೂರಿಸುವುದು ಬಂತು. ಕಬ್ಬಿಣದ ದೊಡ್ಡ ಬೀಮುಗಳನ್ನು ಬೋಲ್ಟು ಹಾಕಿ ಬಿಗಿಯುವುದು ಬಂತು. ಆ ಅಂಟಿನ ವಾಸನೆ ನೋಡಿ ನಮ್ಮ ವೆಂಕಟಪ್ಪ ಮೇಸ್ತ್ರಿ, “ಸಾರ್, ಇದು ಹಲ್ಲಿನ ಡಾಕ್ಟ್ರ ಕೆಲ್ಸ” ಅಂದಿದ್ದರು. ಒಂದೇ ವಾರದಲ್ಲಿ ಆ ಕೆಲಸವನ್ನು ನನಗಿಂತ ಚೆನ್ನಾಗಿ ಕಲಿತರು.

ವೆಂಕಟಪ್ಪನವರು ಇಟ್ಟಮಡುವಿನವರು. ನಾನು ಸೇರುವ ಮೊದಲೇ ಯಜಮಾನರ ಹತ್ತಿರ ಇದ್ದವರು. ಅವರ ಕೈಕೆಳಗೆ ಹತ್ತು ಹನ್ನೆರಡು ಜನ ಆಳುಗಳು. ಮೇಸ್ತ್ರಿ ಎಂದರೆ ಏನೆಂದು ಹೊಸಬರಿಗೆ ತಿಳಿದಿರುವುದಿಲ್ಲ, ಅದಕ್ಕೇ ಹೇಳುತ್ತೇನೆ. ಅವನಿಗೆ ಬೋರ್ಡಿಲ್ಲ, ಆಫೀಸಿಲ್ಲ, ನೇಮಕದ ಕಾಗದವಿಲ್ಲ. ಬೆಳಿಗ್ಗೆ ಏಳೂವರೆಗೆ ಸರ್ಕಲ್ಲಿನಲ್ಲಿ ಅವನ ಪಕ್ಕ ಬಂದು ನಿಲ್ಲುವ ಆಳುಗಳಿಂದಲೇ ಅವನು ಮೇಸ್ತ್ರಿ. ಅವರು ಬಂದು ನಿಲ್ಲುವುದು ಅವನ ಕೈಕೆಳಗೆ ಮೈಮೇಲೆ ಏನೂ ಬೀಳುವುದಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆ ಹೋದರೆ ಅವನೂ ಕರಣೆ ಹಿಡಿದು ಇನ್ನೊಬ್ಬನ ಪಕ್ಕ ನಿಲ್ಲಬೇಕು.

ನನ್ನ ನಿವೃತ್ತಿಗೆ ಏಳೆಂಟು ವರ್ಷ ಇದ್ದಾಗ ಜೆ.ಪಿ. ನಗರದ ಒಂದು ಹಳೆಯ ಮನೆಯ ಕೆಲಸ ಬಂತು. ಮನೆಯೊಡೆಯರು ಸುಧೀಂದ್ರ, ಬ್ಯಾಂಕಿನಲ್ಲಿದ್ದವರು. ಮೇಲೆ ಇನ್ನೊಂದು ಮಹಡಿ, ಕೆಳಗೆ ಹಾಲು ಮತ್ತು ಊಟದ ಕೋಣೆ ಸೇರಿಸಿ ಒಂದೇ ದೊಡ್ಡ ಹಾಲು ಆಗಬೇಕಿತ್ತು. ಅವರ ದೊಡ್ಡಮ್ಮ ವಿಶಾಲಾಕ್ಷಮ್ಮ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ಜೊತೆಗಿದ್ದರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮೂರು ವಾರವಾಗಿತ್ತು, ಏಳುವಂತಿರಲಿಲ್ಲ. ಅವರನ್ನು ಬೇರೆ ಕಡೆ ಇರಿಸಿ ಎಂದೆ. “ಪೂಜೆ ದಿನ ಮನೇಲಿ ಹಿರಿಯರು ಇರ್ಬೇಕಲ್ವಾ ಸಾರ್? ಮಾರನೇ ದಿನವೇ ನಮ್ಮ ತಂಗಿ ಮನೆಗೆ ಶಿಫ್ಟ್ ಮಾಡ್ತೀವಿ” ಅಂದರು ಸುಧೀಂದ್ರ.

ಹಾಲಿನ ಒಂದು ಬದಿಗೆ ಉದ್ದಕ್ಕೂ ಒಂದೇ ಗೋಡೆ. ಅದರ ಆಚೆ ಮೊದಲು ಊಟದ ಕೋಣೆ, ಪಕ್ಕದಲ್ಲಿ ವಿಶಾಲಾಕ್ಷಮ್ಮನವರ ಕೋಣೆ. ಈ ಗೋಡೆಯಲ್ಲಿ ಊಟದ ಕೋಣೆಯ ಮುಂದಿನ ಅರ್ಧವನ್ನು ಒಡೆಯಬೇಕು. ಅವರ ಕೋಣೆಯ ಮುಂದಿನ ಅರ್ಧ, ಅದರಲ್ಲಿದ್ದ ಬಾಗಿಲ ಸಮೇತ, ಉಳಿಯಬೇಕು. ಗೋಡೆ ಅಳೆದೆ. ನಾಲ್ಕೂವರೆ ಇಂಚು. ಪರದೆ ಎಂದು ಬರೆದುಕೊಂಡೆ.

ನಮ್ಮ ಕಡೆ ಒಡೆಯುವ ಕೆಲಸಕ್ಕೂ ಮುಹೂರ್ತ ಇಡುತ್ತಾರೆ. ಮನೆಯೊಡೆಯರೇ ಅರಿಸಿನ ಕುಂಕುಮ ಹಚ್ಚಿದ ಸುತ್ತಿಗೆಯಿಂದ ಮೊದಲ ಏಟು ಹಾಕಬೇಕು. ಏಟು ಬಿದ್ದ ಮೇಲೆ ಅವತ್ತು ಕೆಲಸ ನಿಲ್ಲಿಸಬಾರದು, ನಿಲ್ಲಿಸಿದರೆ ಮನೆ ಅರ್ಧಕ್ಕೇ ನಿಲ್ಲುತ್ತದೆ ಎನ್ನುವ ನಂಬಿಕೆ. ಅದು ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಏಟು ಬೀಳಬೇಕು. ಛಾವಣಿಗೆ ಆಸರೆ ಕೊಡುವ ಕಬ್ಬಿಣದ ಜಾಕಿಗಳು ಬರುತ್ತಿದ್ದ ಟೆಂಪೊ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಸುಧೀಂದ್ರ ಹತ್ತು ಗಂಟೆಗೆ ಗೋಡೆಗೆ ಮೆಲ್ಲಗೆ ಒಂದು ಏಟು ಹಾಕಿ, ಎಲ್ಲರಿಗೂ ಸಿಹಿ ಹಂಚಿಸಿದರು. ಪುರೋಹಿತರು ಹೊರಟರು. ವೆಂಕಟಪ್ಪನವರ ಆಳುಗಳು ತಾರಸಿಯ ಮೇಲೆ ಹಳೆಯ ನೀರಿನ ತೊಟ್ಟಿ ತೆಗೆಯುತ್ತಿದ್ದರು. ಹಾಲಿನಲ್ಲಿ ಇದ್ದದ್ದು ನಾನು, ವೆಂಕಟಪ್ಪ, ಮತ್ತು ಒಡೆಯುವುದಕ್ಕೆಂದೇ ಕರೆಸಿದ್ದ ರಾಯಚೂರು ಕಡೆಯ ಇಬ್ಬರು.

ವೆಂಕಟಪ್ಪ ಗೋಡೆ ಮತ್ತು ಮೌಲ್ಡು, ಅಂದರೆ ಕಾಂಕ್ರೀಟ್ ಛಾವಣಿ, ಸೇರುವ ಕಡೆ ನೋಡುತ್ತಾ ನಿಂತಿದ್ದರು.

“ಸಾರ್, ಈಗ್ಲೇ ಬೇಡ. ಮೇಲ್ಗಡೆ ಒಂದಡಿ ಗಾರೆ ಕೆತ್ತಿ ನೋಡೋಣ. ಗೋಡೆಗೂ ಮೌಲ್ಡಿಗೂ ಮಧ್ಯ ಸಂದಿದ್ರೆ ಒಡೀಬೋದು. ಸಂದಿಲ್ಲ ಅಂದ್ರೆ, ಗೋಡೆ ಮೊದ್ಲು ಕಟ್ಟಿ ಅದರ ಮೇಲೇ ಮೌಲ್ಡ್ ಹಾಕವ್ರೆ ಅಂತ ಅರ್ಥ. ಆಗ ಜಾಕಿ ಕೊಡ್ದೆ ಮುಟ್ಟಂಗಿಲ್ಲ.”

“ಅರ್ಧ ಇಟ್ಟಿಗೆ ಗೋಡೆ ಏನು ಹೊರುತ್ತೆ ಮೇಸ್ತ್ರಿ?”

“ಹೊರಬಾರ್ದು ಸಾರ್. ಆದ್ರೂ ಹೊತ್ಕೊಂಡಿದ್ರೆ? ಜಾಕಿ ಬರ್ಲಿ.”

“ಜಾಕಿ ಬರೋದು ಮಧ್ಯಾಹ್ನ ಆಗುತ್ತೆ. ಪೂಜೆ ಮಾಡಿ ಕೆಲ್ಸ ನಿಲ್ಸಿದ್ರೆ ಮನೆಯವ್ರು ಬೇಜಾರ್ ಮಾಡ್ಕೋತಾರೆ. ನಾನು ಅಳ್ದಿದೀನಿ ಅಲ್ವಾ? ನೀವು ಮೇಲೆ ತೊಟ್ಟಿ ಕೆಲ್ಸ ನೋಡ್ಕೊಳ್ಳಿ.”

ಅವರು ಮೆಟ್ಟಿಲು ಹತ್ತಿದರು. ರಾಯಚೂರಿನವನು ಸುತ್ತಿಗೆ ಎತ್ತಿ “ಹೊಡೀಲೇನ್ರೀ ಸರ?” ಅಂದ. ಹೊಡೀರಿ ಅಂದೆ.

ಹನ್ನೆರಡರ ಹೊತ್ತಿಗೆ ಗೋಡೆಯ ಆ ಭಾಗ ಮುಕ್ಕಾಲು ಇಳಿದಿತ್ತು. ಒಣ ಸೌದೆ ಮುರಿದಂಥ ಸದ್ದು ಬಂತು. ತಲೆಯ ಮೇಲೆ ಛಾವಣಿಯಲ್ಲಿ ಒಂದು ಗೆರೆ ಮೂಡಿ ಉದ್ದಕ್ಕೆ ಹೋಯಿತು. ಒಡೆಯುವವರು ಸುತ್ತಿಗೆ ಬಿಸಾಕಿ ಹೊರಗೆ ಓಡಿದರು. ಒಡೆದ ಭಾಗ ಹೊತ್ತಿದ್ದ ಭಾರವೆಲ್ಲ ಉಳಿದ ಅರ್ಧದ ಮೇಲೆ ಬಿದ್ದು, ವಿಶಾಲಾಕ್ಷಮ್ಮನವರ ಬಾಗಿಲಿನ ಮೇಲಿದ್ದ ಕಾಂಕ್ರೀಟಿನ ಅಡ್ಡಪಟ್ಟಿ, ಲಿಂಟಲ್, ಒಡೆದು ಚೌಕಟ್ಟಿನ ಮೇಲೆ ಕೂತಿತು. ಒಳಗಿನಿಂದ ಅವರ ಧ್ವನಿ ಕೇಳಿತು. “ಏನದು? ನನ್ನ ಹಾಸಿಗೆ ಮೇಲೆಲ್ಲ ಗಾರೆ ಬೀಳ್ತಿದೆ.” ಸುಧೀಂದ್ರ ಅಂಗಳದಿಂದ ಓಡಿ ಬಂದು ಬಾಗಿಲು ತಳ್ಳಿದರು. ಅದು ಅಲ್ಲಾಡಲಿಲ್ಲ.

ಬಿದ್ದಿದ್ದ ಸುತ್ತಿಗೆ ಎತ್ತಿಕೊಂಡು ಬಾಗಿಲು ಒಡೆಯಲು ಹೋದೆ. ಇದು ಆ ದಿನದ ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಮೇಲಿನಿಂದ ಓಡಿ ಬಂದಿದ್ದ ವೆಂಕಟಪ್ಪ ಹಿಂದಿನಿಂದ ಸುತ್ತಿಗೆಯ ಕಾವು ಹಿಡಿದುಕೊಂಡರು.

“ಬಾಗಿಲು ಮುಟ್ಬೇಡಿ ಸಾರ್. ಈಗ ಮೌಲ್ಡ್ ನಿಂತಿರೋದೇ ಆ ಚೌಕಟ್ಟಿನ ಮೇಲೆ.”

ನಾನು ಒಡೆದಿದ್ದರೆ ಆ ಕೋಣೆಯ ಛಾವಣಿ ವಿಶಾಲಾಕ್ಷಮ್ಮನವರ ಮೇಲೆ ಬರುತ್ತಿತ್ತು. ವೆಂಕಟಪ್ಪ ತೊಟ್ಟಿ ತೆಗೆಯಲು ತಾರಸಿಯಲ್ಲಿ ಕಟ್ಟಿದ್ದ ಸಾರುವೆ ಮರಗಳನ್ನು ಬಿಚ್ಚಿ ಇಳಿಸಿ, ಹಾಲಿನಲ್ಲಿ ಛಾವಣಿಗೆ ಆಸರೆ ಕೊಟ್ಟು, ಬುಡಕ್ಕೆ ಬೆಣೆ ಹೊಡೆಸಿದರು. ಆಮೇಲೆ ಮನೆಯ ಪಕ್ಕದ ಓಣಿಗೆ ಹೋಗಿ, ಅವರ ಕೋಣೆಯ ಕಿಟಕಿಯ ಹೊರಗೆ ಕಟಿಂಗ್ ಮೆಷೀನ್ ಹಿಡಿದು ನಿಂತರು.

“ಅಮ್ಮ, ಮುಖದ ಮೇಲೆ ದಿಂಬು ಇಟ್ಕೊಳಿ. ಕಿಡಿ ಹಾರುತ್ತೆ.”

“ಎಷ್ಟು ಸರಳು ಕತ್ತರಿಸ್ಬೇಕು?”

“ಆರಮ್ಮ.”

“ಸರಿ. ನಾನು ಎಣಿಸ್ತಿರ್ತೀನಿ. ಮಧ್ಯೆ ನಿಲ್ಲಿಸ್ಬೇಡಿ, ನಿಲ್ಸಿದ್ರೆ ಹೆದರಿಕೆ ಆಗುತ್ತೆ.”

ಅವರು ದಿಂಬಿನ ಕೆಳಗಿನಿಂದಲೇ ಒಂದು, ಎರಡು ಎಂದು ಎಣಿಸಿದರು. ಆರು ಎಂದ ಮೇಲೆ ನಾಲ್ಕು ಜನ ಒಳಗಿಳಿದು ಹಾಸಿಗೆಯ ಸಮೇತ ಅವರನ್ನು ಕಿಟಕಿಯಿಂದ ಹೊರಗೆ ತಂದರು. ಯಾರಿಗೂ ಏನೂ ಆಗಲಿಲ್ಲ. ಜಾಕಿಯ ಟೆಂಪೊ ಆಮೇಲೆ ಬಂತು.

ಯಜಮಾನರು ಬಂದಾಗ ನಾವೆಲ್ಲ ಮುಂದಿನ ಅಂಗಳದಲ್ಲಿ ನಿಂತಿದ್ದೆವು. ಸುಧೀಂದ್ರ ಇದ್ದರು, ಅಕ್ಕಪಕ್ಕದವರಿದ್ದರು, ವೆಂಕಟಪ್ಪನವರ ಆಳುಗಳೆಲ್ಲ ಇದ್ದರು. ಒಡೆಯುವವರಿಬ್ಬರು ಆಗಲೇ ಜಾಗ ಖಾಲಿ ಮಾಡಿದ್ದರು. ಯಜಮಾನರು ಒಳಗೆ ಹೋಗಿ ನೋಡಿ ಬಂದು, “ಜಾಕಿ ಇಲ್ದೆ ಒಡೀರಿ ಅಂದಿದ್ಯಾರು?” ಎಂದು ಕೇಳಿದರು.

ನಾನು ಹೇಳಿದೆ: “ಮೇಸ್ತ್ರಿ ಇಲ್ಲೇ ಇದ್ರು ಸಾರ್.”

ಇದರಲ್ಲಿ ಒಂದು ಪದವೂ ಸುಳ್ಳಲ್ಲ. ಹಾಗೆಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ವೆಂಕಟಪ್ಪ ನನ್ನ ಮುಖ ನೋಡಿದರು. ನಾನು ಮುಂದೇನೋ ಹೇಳುತ್ತೇನೆಂದು ಕಾದರು. ನಾನು ನೆಲ ನೋಡಿದೆ. ಯಜಮಾನರು ಅವರ ಕಡೆ ತಿರುಗಿ, ಆಳುಗಳ ಎದುರಿಗೇ, ನಾಳೆಯಿಂದ ಬರಬೇಡಿ ಅಂದರು. ಅವರು ತೂಗುಗುಂಡು, ಕರಣೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ವಾರದೊಳಗೆ ಇಟ್ಟಮಡುವಿನಲ್ಲೆಲ್ಲ ಸುದ್ದಿಯಾಯಿತು: ವೆಂಕಟಪ್ಪ ಮೌಲ್ಡ್ ಬೀಳಿಸಿದ. ಅವರ ಆಳುಗಳು ಬೇರೆ ಮೇಸ್ತ್ರಿಯ ಹತ್ತಿರ ಹೋದರು. ಇಪ್ಪತ್ತೈದು ವರ್ಷ ಮೇಸ್ತ್ರಿಯಾಗಿದ್ದವರು ಇನ್ನೊಬ್ಬರ ಕೈಕೆಳಗೆ ಗಾರೆ ಬಳಿಯುತ್ತಿದ್ದಾರೆಂದು ನನಗೆ ಗೊತ್ತಾಯಿತು. ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಊಟ ಸೇರಿತು, ಕೆಲಸವೂ ನಡೆಯಿತು. ಕಬ್ಬಿಣದ ಬೀಮು ಕೊಟ್ಟು ಛಾವಣಿ ಎತ್ತಿದೆವು, ಹೊಸ ಪಿಲ್ಲರ್ ಎಬ್ಬಿಸಿದೆವು, ಮೇಲಿನ ಮಹಡಿ ಮುಗಿಸಿದೆವು. ಆಮೇಲಿನ ಎಲ್ಲ ಕೆಲಸಗಳಲ್ಲೂ ಮುಹೂರ್ತದ ಏಟನ್ನು ಕಾಂಪೌಂಡಿನ ಮೂಲೆಗೆ ಹಾಕಿಸಿದೆ. ದೇವರೂ ಒಪ್ಪಿದ, ಮನೆಯವರೂ ಒಪ್ಪಿದರು. ಗೋಡೆಯ ನೆತ್ತಿ ಕೆತ್ತಿ ನೋಡದೆ ಯಾವ ಗೋಡೆಯನ್ನೂ ಮುಟ್ಟಲಿಲ್ಲ. ಇವು ವೆಂಕಟಪ್ಪನವರ ಪಾಠಗಳು, ಆದರೆ ಹೊಸಬರಿಗೆ ಹೇಳಿಕೊಡುವಾಗ ಅವರ ಹೆಸರು ಹೇಳುವ ಧೈರ್ಯ ನನಗಿರಲಿಲ್ಲ.

ಹತ್ತು ತಿಂಗಳ ಮೇಲೆ ಆ ಮನೆಯ ಗೃಹಪ್ರವೇಶವಾಯಿತು. ಕೆಲಸ ಮಾಡಿದವರಿಗೆ ಅವತ್ತು ಪಂಚೆ, ಶಲ್ಯ, ತಾಂಬೂಲ ಕೊಟ್ಟು ಮರ್ಯಾದೆ ಮಾಡುವ ಪದ್ಧತಿ. ಮೊದಲ ತಟ್ಟೆ ಮೇಸ್ತ್ರಿಗೆ. ವಿಶಾಲಾಕ್ಷಮ್ಮ ವಾಕರ್ ಹಿಡಿದು ಬಂದು ಹಾಲಿನ ಮಧ್ಯೆ ಕುರ್ಚಿಯಲ್ಲಿ ಕೂತರು. ತಟ್ಟೆ ಅವರ ಕೈಯಿಂದಲೇ ಕೊಡಿಸಬೇಕೆಂದು ಸುಧೀಂದ್ರ ಹೇಳಿದ್ದರು. ಯಜಮಾನರು ಹೊಸ ಮೇಸ್ತ್ರಿಯನ್ನು ಮುಂದೆ ಕರೆದರು.

“ಇವ್ರಲ್ಲ” ಅಂದರು ವಿಶಾಲಾಕ್ಷಮ್ಮ. “ಅವ್ರು ಎಲ್ಲಿ? ಸರಳು ಕತ್ತರಿಸಿದೋರು?”

“ಅವ್ರು ಬೇರೆ ಕಡೆ ಕೆಲ್ಸಕ್ಕೆ ಹೋಗಿದಾರಮ್ಮ” ಅಂದರು ಯಜಮಾನರು.

“ಅವರಾಗೇ ಹೋದ್ರಾ, ನೀವು ಕಳಿಸಿದ್ರಾ?”

ಯಜಮಾನರು ಹೊಸ ಮೇಸ್ತ್ರಿಗೆ ಹಿಂದಕ್ಕೆ ಹೋಗೆಂದು ಸನ್ನೆ ಮಾಡಿದರು.

“ನಾನು ಅವತ್ತು ಆ ಬಾಗಿಲಿನ ಆಚೆ ಮಲಗಿದ್ದೆ. ಮೂಳೆ ಮುರಿದಿತ್ತು, ಕಿವಿ ಚೆನ್ನಾಗೇ ಇತ್ತು. ಜಾಕಿ ಬರ್ಲಿ, ಈಗ್ಲೇ ಬೇಡ ಅಂದೋರು ಅವ್ರು. ಒಡೀರಿ ಅಂದೋರು ಯಾರು ಅಂತ ನಾನು ಹೇಳಲ್ಲ. ಅವರೇ ಹೇಳ್ಲಿ ಅಂತ ಇಷ್ಟು ದಿನ ಕಾದೆ.”

ಅವರು ನನ್ನ ಕಡೆ ನೋಡಲೂ ಇಲ್ಲ. ಹಾಲಿನಲ್ಲಿ ನಲವತ್ತು ಜನರಿದ್ದರು. “ನಾನಮ್ಮ” ಅಂದೆ. ಯಾರಿಗೂ ಕೇಳಿಸಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು.

ಅವರು ತಟ್ಟೆಯನ್ನು ನನ್ನ ಕೈಗಿಟ್ಟರು. “ತಗೊಂಡ್ಹೋಗಿ ಅವ್ರಿಗೆ ಕೊಡಪ್ಪ.”

ಗೇಟಿನ ಹತ್ತಿರ ಯಜಮಾನರು ಸಿಕ್ಕಿದರು. ಬೈಯುತ್ತಾರೆಂದುಕೊಂಡೆ. “ನಂಗೆ ಅವತ್ತೇ ಗೊತ್ತಿತ್ತು ಕಣಯ್ಯ. ಇಂಜಿನಿಯರ್ ತಪ್ಪು ಅಂದ್ರೆ ಕಂಪನಿ ತಪ್ಪು. ಮೇಸ್ತ್ರಿ ತಪ್ಪು ಅಂದ್ರೆ ಮೇಸ್ತ್ರೀದಷ್ಟೇ” ಅಂದರು. ಇಪ್ಪತ್ತೇಳು ವರ್ಷ ಗೌರವಿಸಿದ ಮನುಷ್ಯನ ಬಾಯಲ್ಲಿ ಅದನ್ನು ಕೇಳಿ ಅಸಹ್ಯವಾಯಿತು. ಆದರೆ ಅಂಥವರ ಸಾಲಿನಲ್ಲಿ ಅವರಿಗಿಂತ ಮುಂದೆ ನಿಂತಿದ್ದವನು ನಾನೇ.

ಸಂಜೆ ಐದಕ್ಕೆ ತಟ್ಟೆ ಹಿಡಿದು ಇಟ್ಟಮಡುವಿಗೆ ಹೋದೆ. ವೆಂಕಟಪ್ಪ ಆಗತಾನೆ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಒಳಗೆ ಕರೆದು ಕೂರಿಸಿದರು, ಅವರ ಹೆಂಡತಿ ನೀರು ತಂದುಕೊಟ್ಟರು. ನಡೆದದ್ದನ್ನೆಲ್ಲ ಹೇಳಿದೆ. ತಪ್ಪಾಯ್ತು ಮೇಸ್ತ್ರಿ ಅಂದೆ. ಅವತ್ತು ನೀವೇ ಯಾಕೆ ಹೇಳಲಿಲ್ಲ ಎಂದೂ ಕೇಳಿದೆ.

“ನಾನು ಹೇಳಿದ್ರೆ ಯಾರು ನಂಬ್ತಿದ್ರು ಸಾರ್?”

ಒದ್ದೆ ಕೈ ಟವೆಲಿಗೆ ಒರೆಸಿಕೊಂಡು, “ಇವತ್ತು ಯಾರ ಮುಂದೆ ಹೇಳಿದ್ರಿ?” ಎಂದು ಕೇಳಿದರು.

“ಮನೆಯವ್ರು, ನೆಂಟರು, ಯಜಮಾನ್ರು. ನಲವತ್ತು ಜನ ಇದ್ರು.”

“ನಮ್ಮ ಆಳುಗಳು?”

ಗೃಹಪ್ರವೇಶದ ಊಟದಲ್ಲಿ ಆಳುಗಳಿಗೆ ಯಾವಾಗಲೂ ಕಡೆಯ ಪಂಕ್ತಿ. ನಾನು ಹೇಳಿದ ಹೊತ್ತಿಗೆ ಅವರಿನ್ನೂ ಬಂದೇ ಇರಲಿಲ್ಲ. ಇರಲಿಲ್ಲ ಅಂದೆ.

ವೆಂಕಟಪ್ಪ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೆಂಡತಿಯ ಕೈಗೆ ಕೊಟ್ಟರು.

“ಅಮ್ಮನೋರಿಗೆ ನಮಸ್ಕಾರ ಹೇಳಿ ಸಾರ್. ನಾಳೆ ಬೆಳಿಗ್ಗೆ ಏಳೂವರೆಗೆ ಸರ್ಕಲ್ ಹತ್ರ ಬನ್ನಿ. ಎಲ್ಲಾರೂ ಅಲ್ಲೇ ನಿಂತಿರ್ತಾರೆ.”

ಹೋದೆ. ಟೀ ಅಂಗಡಿಯ ಮುಂದೆ ಗುದ್ದಲಿ, ಬಾಂಡ್ಲಿ ಇಟ್ಟುಕೊಂಡು ಇಪ್ಪತ್ತೈದು ಮೂವತ್ತು ಜನ ನಿಂತಿದ್ದರು. ಅವರ ಹಳೆಯ ಆಳುಗಳೂ ಇದ್ದರು. ವೆಂಕಟಪ್ಪ ಅವತ್ತು ಕೆಲಸದ ಬಟ್ಟೆಯಲ್ಲಿ ಬಂದಿರಲಿಲ್ಲ. ಮಡಿಕೆ ಕೂಡ ಬಿಡದ ಹೊಸ ಪಂಚೆ ಉಟ್ಟು, ಶಲ್ಯ ಹೊದ್ದು ನಿಂತಿದ್ದರು. ನಾನು ಗಟ್ಟಿಯಾಗಿಯೇ ಹೇಳಿದೆ: ಜೆ.ಪಿ. ನಗರದ ಮನೆಯಲ್ಲಿ ಗೋಡೆ ಒಡೀರಿ ಅಂದಿದ್ದು ನಾನು, ಬೇಡ ಅಂದಿದ್ದು ವೆಂಕಟಪ್ಪ ಮೇಸ್ತ್ರಿ, ಆಮೇಲೆ ಬಾಯಿ ಮುಚ್ಚಿಕೊಂಡಿದ್ದೂ ನಾನೇ. ಅಷ್ಟು ಹೇಳಿ ಮುಗಿಸುವವರೆಗೂ ವೆಂಕಟಪ್ಪ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಆಳುಗಳ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.